ನೀಲಮ್ಮನವರ ಎಡಗೈ

ವಯಸ್ಸಾದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸಕ್ಕೆ ಈಗ ತರಬೇತಿ ಇದೆ, ಸಮವಸ್ತ್ರ ಇದೆ, ಕೊರಳಿಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿಯೂ ಇದೆ. ನಾನು ಸೇರಿದಾಗ ಈ ಕೆಲಸಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಕೆಲವರು ಆಯಾ ಎನ್ನುತ್ತಿದ್ದರು, ಕೆಲವರು ನರ್ಸಮ್ಮ ಎನ್ನುತ್ತಿದ್ದರು. ನೆಂಟರು ಬಂದಾಗ ‘ನಮ್ಮ ಊರಿನವರು, ಜೊತೆಗಿರಲಿ ಅಂತ ಕರೆಸಿದ್ದೀವಿ’ ಎಂದು ಹೇಳಿ ನನ್ನನ್ನು ಅಡಿಗೆಮನೆಗೆ ಕಳಿಸಿದವರೂ ಉಂಟು. ಹೆತ್ತ ತಾಯಿಯನ್ನು ನೋಡಿಕೊಳ್ಳಲು ಸಂಬಳ ಕೊಟ್ಟು ಹೆಂಗಸನ್ನು ಇಟ್ಟಿದ್ದಾರೆ ಎಂಬ ಮಾತು ಹೊರಗೆ ಹೋಗಬಾರದಲ್ಲ. ನನಗೇನೂ ಬೇಸರವಿರಲಿಲ್ಲ. ಅಡಿಗೆಮನೆಯಲ್ಲಿ ಕಾಫಿಯಂತೂ ಬಿಸಿಯಾಗಿ ಸಿಗುತ್ತಿತ್ತು.

ಮೊನ್ನೆ ನಮ್ಮ ಬೀದಿಯ ಇಬ್ಬರು ಹುಡುಗಿಯರು ಬಂದಿದ್ದರು. ತರಬೇತಿ ಮುಗಿಸಿ ಇದೇ ಕೆಲಸಕ್ಕೆ ಸೇರುವವರು. “ಆಂಟಿ, ಅಷ್ಟು ವರ್ಷ ಮಾಡಿದ್ದೀರಲ್ಲ, ಇದ್ರಲ್ಲಿ ತುಂಬಾ ಕಷ್ಟದ್ದು ಯಾವ್ದು?” ಎಂದು ಕೇಳಿದರು. ಹೇಲು ಉಚ್ಚೆ ಬಾಚುವುದು ಎಂದು ಹೇಳುತ್ತೇನೆಂದು ಕಾದಿದ್ದರು ಅಂತ ಕಾಣುತ್ತದೆ. ಅದೇನೂ ಕಷ್ಟವಲ್ಲ, ಸ್ವಲ್ಪ ದಿನಕ್ಕೆ ಮೂಗು ಒಗ್ಗಿಕೊಳ್ಳುತ್ತದೆ. ಆದರೆ ಆ ಹೊತ್ತಿಗೆ ಸರಿಯಾದ ಉತ್ತರ ನನಗೆ ಹೊಳೆಯಲಿಲ್ಲ. ಏನೋ ಒಂದು ಹೇಳಿ ಕಳಿಸಿದೆ. ಅವರು ಹೋದ ಮೇಲೆ ಒಬ್ಬ ಮುದುಕಿಯ ಎಡಗೈ ನೆನಪಿಗೆ ಬಂತು. ಬಾಯಲ್ಲಿ ಹೇಳಿದರೆ ಅರ್ಧಕ್ಕೆ ನಿಲ್ಲುತ್ತದೆಂದು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಸರೋಜಮ್ಮ. ಮಾದನಾಯಕನಹಳ್ಳಿಯವಳು, ರಾಗಿ ಬೆಳೆಯುವ ಮನೆಯಿಂದ ಬಂದವಳು. ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದರು. ನಾನೂ ಅಲ್ಲೇ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ವಾರ್ಡ್ ಆಯಾ ಆಗಿದ್ದೆ. ಅಲ್ಲಿನ ಹೆಡ್ ಆಗಿದ್ದ ಫಿಲೋಮಿನಾ ಸಿಸ್ಟರ್ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕೆಲಸ ಬಿಟ್ಟು, ಮನೆಗಳಿಗೆ ಹೆಂಗಸರನ್ನು ಕಳಿಸುವ ಸಣ್ಣ ಆಫೀಸು ತೆರೆದರು. ಆಫೀಸು ಎಂದರೆ ಅವರ ಮನೆಯ ಮುಂದಿನ ಕೋಣೆ, ಅದರಲ್ಲಿ ಒಂದು ಟೆಲಿಫೋನು. ನನ್ನನ್ನು ಮೊದಲು ಕರೆದರು.

ಸಿಸ್ಟರ್ ಮಂಗಳೂರು ಕಡೆಯವರು. ಬಿಳಿ ಸೀರೆ, ಎದೆಗೆ ಸಿಕ್ಕಿಸಿದ ಗಡಿಯಾರ, ಮುಖದಲ್ಲಿ ನಗು ಕಡಿಮೆ. “ನೋಡು ಸರೋಜಾ, ಮೂರು ವಿಷಯಕ್ಕೆ ಹೋಗ್ಬಾರ್ದು. ಅವರ ದೇವರು, ಅವರ ಅಡಿಗೆ, ಅವರ ಜಗಳ. ಗೊತ್ತಾಯ್ತಲ್ಲ?” ಎಂದು ಮೊದಲ ದಿನವೇ ಹೇಳಿದರು. ಗೊತ್ತಾಯಿತು ಎಂದೆ. ಆ ಮೂರನ್ನೂ ಒಂದೇ ಮನೆಯಲ್ಲಿ ಮುರಿದಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಅದಕ್ಕೂ ಮುಂಚೆ ಸಿಸ್ಟರ್ ನನಗೆ ಕಲಿಸಿದ ಒಂದು ಪಾಠ ಹೇಳಬೇಕು. ಪೀಣ್ಯದಲ್ಲಿ ರಂಗಸ್ವಾಮಿ ಎಂಬ ನಿವೃತ್ತ ಟರ್ನರ್ ಇದ್ದರು. ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತೇ ಆಯಸ್ಸು ಕಳೆದ ಮನುಷ್ಯ. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನಾನು ಹೋದ ದಿನದಿಂದ ನೀರು ಕುಡಿಯುವುದನ್ನೇ ಬಿಟ್ಟರು. ಲೋಟ ಬಾಯಿಯ ಹತ್ತಿರ ಹಿಡಿದರೆ ಮುಖ ತಿರುಗಿಸುತ್ತಿದ್ದರು. ಹಠಮಾರಿ ಮುದುಕ ಎಂದು ನಾನೂ ನಾಲಿಗೆ ಹರಿಬಿಟ್ಟೆ. ನೋಡಲು ಬಂದ ಸಿಸ್ಟರ್ ಮಂಚದ ಕೆಳಗಿದ್ದ ಮೂತ್ರದ ಪಾತ್ರೆಯನ್ನು ಎತ್ತಿ ಅವರ ಕೈಗೆ ಸಿಗುವಂತೆ ಸ್ಟೂಲಿನ ಮೇಲಿಟ್ಟು, ಅದರ ಮೇಲೊಂದು ಟವಲು ಹೊದಿಸಿ, ನನ್ನ ತೋಳು ಹಿಡಿದು ಹೊರಗೆ ಕರೆತಂದರು. “ನಿನ್ನ ಹತ್ತಿರ ಕೇಳ್ಬೇಕಲ್ಲ ಮಾರಾಯ್ತಿ, ಆ ನಾಚಿಕೆಗೆ ನೀರು ಬಿಟ್ಟಿದ್ದಾರೆ. ಕೇಳದೇ ಆಗುವ ಹಾಗೆ ಮಾಡು” ಎಂದರು. ಸಂಜೆಯ ಹೊತ್ತಿಗೆ ರಂಗಸ್ವಾಮಿ ಚೊಂಬಿನಲ್ಲಿ ನೀರು ಕುಡಿಯುತ್ತಿದ್ದರು. ಆ ಮನೆಯಲ್ಲಿ ನಾನು ಆಮೇಲೆ ಬಹಳ ದಿನ ಇದ್ದೆ, ಅವರು ಕೋಲು ಹಿಡಿದು ಕಾರ್ಖಾನೆಯ ಗೇಟಿನವರೆಗೂ ನಡೆದರು.

ಸಿಸ್ಟರ್ ನನ್ನನ್ನು ದೊಡ್ಡನೆಕ್ಕುಂದಿಗೆ ಕಳಿಸಿದಾಗ ಈ ಪಾಠ ಜೊತೆಗಿತ್ತು. ಇದ್ದೂ ಅದು ತಲೆಗೆ ಬರಲು ಹೊತ್ತು ಹಿಡಿಯಿತು.

ಆಗ ದೊಡ್ಡನೆಕ್ಕುಂದಿಯ ಪಕ್ಕದಲ್ಲಿ ರಿಂಗ್ ರೋಡಿಗೆ ಮಣ್ಣು ಸುರಿಯುತ್ತಿದ್ದರು. ಒಂದು ಕಡೆ ಕಾರ್ಖಾನೆಗಳ ಶೆಡ್ಡು, ಇನ್ನೊಂದು ಕಡೆ ರಾಗಿ ಹೊಲ, ನಡುವೆ ಹೊಸದಾಗಿ ಎದ್ದ ಒಂದು ಅಪಾರ್ಟ್‌ಮೆಂಟು. ಅದರ ಎರಡನೇ ಮಹಡಿಯಲ್ಲಿ ಶಾರದಾ ಮೇಡಂ ಅವರ ಮನೆ. ಅವರು ವೈಟ್‌ಫೀಲ್ಡ್ ರಸ್ತೆಯ ಒಂದು ಕಂಪನಿಯಲ್ಲಿ ತಯಾರಾದ ಮಾಲನ್ನು ಪರೀಕ್ಷೆ ಮಾಡುವ ವಿಭಾಗದಲ್ಲಿದ್ದರು. ಬೆಳಿಗ್ಗೆ ಕಂಪನಿಯ ವ್ಯಾನು ಬಂದು ಕೆಳಗೆ ಹಾರನ್ ಮಾಡಿದರೆ ಓಡಬೇಕು. ಗಂಡ ಮೋಹನ್ ಸಾರ್ ಅಲ್ಲೇ ಬೇರೆ ಕಂಪನಿಯಲ್ಲಿದ್ದರು, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಶಾರದಾ ಅವರ ತಾಯಿ ನೀಲಮ್ಮನವರು ರಾಣೇಬೆನ್ನೂರಿನವರು. ಮಗಳ ಮನೆಗೆ ಬಂದಿದ್ದಾಗಲೇ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮಾತು ಉಳಿದಿತ್ತು, ಬುದ್ಧಿ ಚೂಪಾಗಿಯೇ ಇತ್ತು. ಎಡಗಾಲು ಎಳೆಯುತ್ತಿತ್ತು. ಎಡಗೈ ಮುಷ್ಟಿ ಬಿಗಿದು ಎದೆಯ ಹತ್ತಿರ ಮಡಚಿಕೊಂಡಿತ್ತು. ನನಗೆ ಅಲ್ಲೇ ಇರುವ ಕೆಲಸ, ಭಾನುವಾರ ಮಾತ್ರ ಮನೆಗೆ.

ಮೊದಲ ದಿನವೇ ಎಡವಟ್ಟು ಮಾಡಿದೆ. ಅವರು ಲಿಂಗವಂತರು, ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನಮ್ಮ ಕಡೆ ದೇವರಿಗೆ ಗೂಡು ಬೇರೆ, ಮೈಲಿಗೆಯ ಹಾಸಿಗೆ ಬೇರೆ. ರೋಗಿಯ ಮೈ ಒರೆಸುವಾಗ ದೇವರು ಅಲ್ಲಿರಬಾರದೆಂದು, ಬಹಳ ಭಕ್ತಿಯಿಂದ, ಕೈ ತೊಳೆದುಕೊಂಡು ಬಂದು ಕರಡಿಗೆಯನ್ನು ಅವರ ಕೊರಳಿಂದ ತೆಗೆಯಲು ಹೋದೆ. ನೀಲಮ್ಮನವರ ಬಲಗೈ ನನ್ನ ಮಣಿಕಟ್ಟನ್ನು ಹಿಡಿಯಿತು. ಕಾಯಿಲೆಯವರ ಹಿಡಿತವಲ್ಲ ಅದು.

“ಬಿಡು. ಅದು ಜೀವ ಹೋದ ಮ್ಯಾಲೂ ನನ್ನ ಕೂಡ ಇರೂದು.”

“ತಪ್ಪಾಯ್ತು ಅಮ್ಮಾವ್ರೇ. ದೇವ್ರ ಗೂಡಲ್ಲಿ ಇಡಾವ ಅಂತ.”

“ಗೂಡಿನ್ಯಾಗ ಇಡಾಕ ಅದೇನು ಗುಬ್ಬಿ ಏನವ್ವಾ?” ಎಂದರು. ಆಮೇಲೆ ತಾವೇ ನಕ್ಕರು. ಅಂದಿನಿಂದ ಆ ಕರಡಿಗೆಯ ತಂಟೆಗೆ ನಾನು ಹೋಗಲಿಲ್ಲ. ಸ್ನಾನ ಮಾಡಿಸುವಾಗ ಅದು ಕೊರಳಲ್ಲೇ ಇರುತ್ತಿತ್ತು. ಆಮೇಲೆ ಹಣೆಗೆ ವಿಭೂತಿ ಹಚ್ಚಿಕೊಂಡು, ಬಲಗೈಯಿಂದ ಕರಡಿಗೆಯನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಲ್ಲಿಗೆ ಪೂಜೆ ಮುಗಿಯಿತು ಎಂದು ನಾನು ತಿಳಿದೆ. ಶಾರದಾ ಅವರೂ ಹಾಗೇ ತಿಳಿದಿದ್ದರು. ಕಾಯಿಲೆಯಲ್ಲಿ ಅಷ್ಟೇ ಸಾಕು ಎಂದು ಅವರ ಮಠದ ಅಯ್ಯನವರೇ ಬಂದು ಹೇಳಿಹೋಗಿದ್ದರಂತೆ.

ಕಷ್ಟ ಬಂದದ್ದು ಊಟದಲ್ಲಿ. ಗಂಜಿ ಕೊಟ್ಟರೆ ಕುಡಿಯುತ್ತಿದ್ದರು, ಹಾಲು ಕುಡಿಯುತ್ತಿದ್ದರು. ತಟ್ಟೆ ತಂದರೆ ಮಾತ್ರ “ಹಸಿವಿಲ್ಲ ತಂಗಿ” ಎನ್ನುತ್ತಿದ್ದರು. ಶಾರದಾ ಬೆಳಿಗ್ಗೆ ಬೇಗನೆ ಎದ್ದು ಜೋಳದ ರೊಟ್ಟಿ ತಟ್ಟುತ್ತಿದ್ದರು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ತಾಯಿ ಇಷ್ಟಪಡುವುದೆಲ್ಲ ಆ ಪುಟ್ಟ ಅಡಿಗೆಮನೆಯಲ್ಲಿ ತಯಾರಾಗುತ್ತಿತ್ತು. ತಟ್ಟೆ ಹೋದ ಹಾಗೇ ವಾಪಸ್ಸು. ಮಗಳು ಅದನ್ನೇ ಡಬ್ಬಿಗೆ ಹಾಕಿಕೊಂಡು ಕಣ್ಣೊರೆಸಿಕೊಳ್ಳುತ್ತಾ ವ್ಯಾನು ಹತ್ತುತ್ತಿದ್ದರು. ನೀಲಮ್ಮನವರ ಬೆನ್ನಿನ ಮೂಳೆಗಳು ನನ್ನ ಕೈಗೆ ಸಿಗತೊಡಗಿದವು. ಬೆನ್ನುಮೂಳೆಯ ತುದಿಯ ಹತ್ತಿರ ಚರ್ಮ ಕೆಂಪಾಯಿತು. ಹುಣ್ಣಾಗುವ ಮೊದಲ ಗುರುತು ಅದು.

ಡಾಕ್ಟರು ಬಂದರು. ಗಂಟಲು ನೋಡಿದರು, ನುಂಗಲು ತೊಂದರೆ ಇಲ್ಲ ಎಂದರು. ಮನಸ್ಸಿಗೆ ಬೇಸರವಿರಬಹುದು ಎಂದು ಮಾತ್ರೆ ಬರೆದರು. ಮುಂದಿನ ಸಲ ಬಂದಾಗಲೂ ಮೈ ಹೀಗೇ ಇಳಿದಿದ್ದರೆ ಮೂಗಿನಿಂದ ಟ್ಯೂಬು ಹಾಕಿ ಆಹಾರ ಕೊಡಬೇಕು, ಅದಕ್ಕೆ ಆಸ್ಪತ್ರೆಗೆ ಸೇರಿಸಬೇಕು ಎಂದು ಹೊರಗಿನ ಕೋಣೆಯಲ್ಲಿ ಹೇಳಿದರು. ಮೆಲ್ಲಗೇ ಹೇಳಿದರು, ಆದರೆ ಅಪಾರ್ಟ್‌ಮೆಂಟಿನ ಗೋಡೆ ಎಷ್ಟು ದಪ್ಪ ಇರುತ್ತದೆ. ನಾನು ಒಳಗೆ ಹೋದಾಗ ನೀಲಮ್ಮನವರು ಚಾವಣಿ ನೋಡುತ್ತಾ ಮಲಗಿದ್ದರು.

“ನಳಿ ಹಾಕ್ತಾರಂತ?” ಎಂದರು.

“ನೀವು ಉಂಡ್ರೆ ಯಾಕಾಕ್ತಾರೆ ಅಮ್ಮಾವ್ರೇ.”

“ಹಸಿವಿಲ್ಲಲ್ಲಾ ತಂಗಿ.”

ಹಸಿವಿಲ್ಲ ಎಂದು ಹೇಳುವವರ ಹೊಟ್ಟೆ ಆ ಹೊತ್ತಿಗೆ ಗುರ್ ಎಂದಿತು. ಇಬ್ಬರಿಗೂ ಕೇಳಿಸಿತು.

ಆಗ ನನಗೆ ರಂಗಸ್ವಾಮಿಯವರ ಸ್ಟೂಲು ನೆನಪಾಯಿತು. ಈ ಹೆಂಗಸು ಕೇಳಲು ನಾಚುವಂಥದ್ದು ಏನೋ ಇದೆ ಎಂದುಕೊಂಡೆ. ಮಾರನೇ ದಿನ ಸ್ನಾನಕ್ಕೆ ಕುರ್ಚಿಯಲ್ಲಿ ಕೂರಿಸಿ ಬಿಸಿನೀರು ತರಲು ತಿರುಗಿದೆ. ವಾಪಸ್ಸು ನೋಡಿದರೆ ಬಲಗೈಗೆ ಸೋಪು ಹಚ್ಚಿಕೊಂಡು ಎಡಗೈಯ ಬೆರಳನ್ನು ಒಂದೊಂದಾಗಿ ಮೀಟುತ್ತಿದ್ದಾರೆ. ಮುಖವೆಲ್ಲ ಬೆವರು. ಉಗುರು ಅಂಗೈಗೆ ಕಚ್ಚಿ ಗಾಯವಾಗಿತ್ತು. ನಾನು ನೀರಿನ ಬಕೆಟ್ ಇಟ್ಟು ಅವರ ಮುಂದೆ ನೆಲದಲ್ಲೇ ಕೂತೆ.

“ಅಮ್ಮಾವ್ರೇ, ಈ ಕೈಯಿಂದ ಏನಾಗ್ಬೇಕು ನಿಮ್ಗೆ?”

ಅವರು ಸೋಪಿನ ಕೈಯಿಂದ ಎಡಗೈಯನ್ನು ಮುಚ್ಚಿಕೊಂಡರು. ಆಮೇಲೆ, “ಬಾಗಲಾ ಮುಂದಕ್ಕ ಮಾಡು” ಎಂದರು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಬಾಗಿಲು ಮುಂದೆ ಮಾಡಿದೆ.

“ಎಡಗೈ ಅಂಗೈಯಾಗ ಲಿಂಗ ಇಟ್ಟು, ನೀರ ಹಾಕಿ, ಪತ್ರಿ ಏರಿಸಿ, ಕಣ್ಣತುಂಬ ನೋಡಿದ ಮ್ಯಾಲೆ ಊಟ. ಸಣ್ಣಾಕಿ ಇದ್ದಾಗಿಂದ ಹಂಗ. ಬ್ಯಾನ್ಯಾಗ ಕಣ್ಣಿಗೆ ಒತ್ತಿಕೊಂಡ್ರ ಸಾಕು ಅಂದ್ರು ಅಯ್ಯನವರು. ಅವರು ಹೇಳಿದ್ದು ಖರೇ ಇರಬೇಕು. ನನ್ನ ಗಂಟಲ ಕೇಳವಲ್ದು ತಂಗಿ. ತುತ್ತು ತಂದ್ರ ಇಳಿಯಂಗಿಲ್ಲ. ಗಂಜಿ ಅಂದ್ರ ಔಷಧ ಅಂತ ಕುಡೀತೇನಿ.”

“ಮೇಡಂಗೆ ಹೇಳಬಾರ್ದಾ?”

“ಹೇಳಬ್ಯಾಡ. ಬ್ಯಾರೆ ಮಂದ್ಯಾಗ ಲಗ್ನ ಆಗ್ತಾಳ, ಲಿಂಗ ಬಿಡ್ತಾಳ ಅಂತ ಅಕಿ ಲಗ್ನಕ್ಕ ಹೋಗಲಿಲ್ಲ ನಾ. ಅಕಿ ಬಿಟ್ಟಾಳ. ಈಗ ಅಕಿ ಮನ್ಯಾಗ, ಅಕಿ ಗಂಡ ತಂದದ್ದು ಮುಂದ ಇಟ್ಕೊಂಡು, ನನ್ನ ಪೂಜಿ ಆಗದ ಉಣ್ಣಂಗಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?”

ನನಗೆ ಸಿಟ್ಟು ಬಂತು. ಹೀಗೆ ಹೇಳದೆ ಇಟ್ಟುಕೊಂಡು ಸಾಯಲು ಹೊರಟಿದ್ದಾರಲ್ಲ ಎಂದು ಸಿಟ್ಟು. ಆದರೆ ಅವರ ಮುಖ ನೋಡಿದ ಮೇಲೆ ಬೈಯಲು ಆಗಲಿಲ್ಲ. “ಕೈ ಬಿಚ್ಚಿದ್ರೆ ಉಣ್ತೀರಾ?” ಎಂದು ಕೇಳಿದೆ. “ಬಿಚ್ಚಿದ ದಿನ ಕೇಳು” ಎಂದರು. ಅವರ ಹಠ ಎಷ್ಟೋ ನನ್ನ ಹಠವೂ ಅಷ್ಟೇ. ಡಾಕ್ಟರು ಮತ್ತೆ ಬರುವುದರೊಳಗೆ ಆ ಕೈ ಬಿಚ್ಚಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಹಠದಿಂದ ಬೆರಳು ಬಿಚ್ಚುವುದಿಲ್ಲ ಎಂದು ಮೊದಲ ವಾರ ಗೊತ್ತಾಯಿತು. ನಾನು ಎಳೆದಷ್ಟೂ ಮುಷ್ಟಿ ಬಿಗಿಯಿತು. ಅದರ ಜೊತೆಗೆ ಚೆಂಡುಗಳ ಕಾಟ. ಲಕ್ವ ಹೊಡೆದವರ ಕೈಗೆ ಚೆಂಡು ಕೊಟ್ಟು ಹಿಚುಕಿಸಬೇಕು ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಮೋಹನ್ ಸಾರ್ ಟೆನಿಸ್ ಚೆಂಡು ತಂದರು. ಎದುರು ಮನೆಯವರು ರಬ್ಬರ್ ಚೆಂಡು ಕೊಟ್ಟರು. ದಾವಣಗೆರೆಯಿಂದ ನೋಡಲು ಬಂದ ನೆಂಟರು ಹಣ್ಣಿನ ಜೊತೆ ಸ್ಪಂಜಿನ ಚೆಂಡು ತಂದರು. “ಏನವ್ವಾ, ನನ್ನ ಟೀಮಿಗೆ ಸೇರಿಸ್ಕೊಳ್ಳಾಕ ಬಂದಾರೇನು ಇವರೆಲ್ಲ?” ಎಂದು ನೀಲಮ್ಮನವರು ಕೇಳುತ್ತಿದ್ದರು. ಆದರೂ ಮಗಳ ಮನಸ್ಸಿಗೆ ನೋವಾಗಬಾರದೆಂದು ದಿನವೂ ಹಿಚುಕುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತು ಹುರಿದುಂಬಿಸುತ್ತಿದ್ದೆ.

ಕಾಲಿಗೆ ವ್ಯಾಯಾಮ ಮಾಡಿಸಲು ಪ್ರಕಾಶ್ ಎಂಬ ಫಿಸಿಯೋ ಬರುತ್ತಿದ್ದರು. ಕೋಲಾರದ ಕಡೆಯ ಯುವಕ, ಹೀರೋ ಪುಕ್ ಮೊಪೆಡ್‌ನಲ್ಲಿ ಬರುವವರು, ಮಾತಿನಲ್ಲಿ ಬಹಳ ಮರ್ಯಾದೆ. ಹೋಗುವಾಗ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದೆ.

“ಸಾರ್, ಕೈಗೂ ಏನಾದ್ರೂ ಮಾಡ್ಸಿ.”

“ಅಕ್ಕ, ಮೊದ್ಲು ನಡೀಲಿ ಅವ್ರು. ಕೈ ವಾಪಸ್ ಬರೋದು ಕಷ್ಟ. ಲೋಟ ಹಿಡಿಯೋದು, ಸೆರಗು ಸಿಕ್ಕಿಸೋದು, ಅದೆಲ್ಲ ಇನ್ನು ಆಗಲ್ಲ ಅನ್ಸುತ್ತೆ. ಸುಳ್ಳು ಆಸೆ ಕೊಡ್ಬಾರ್ದು.”

“ಹಿಡಿಯೋದು ಬ್ಯಾಡ ಸಾರ್. ಬಿಚ್ಚಿದ್ರೆ ಸಾಕು. ಅಂಗೈ ಮೇಲ್ ಮಾಡಿ ಒಂದೀಟೊತ್ತು ಇಟ್ಕೊಳ್ಳಂಗಾಗ್ಬೇಕು.”

ಅವರು ಗಾಡಿಯ ಕೀಲಿ ಜೇಬಿಗೆ ಹಾಕಿಕೊಂಡರು. “ಬಿಚ್ಚೋದಾ? ಅದು ಬೇರೆ ವಿಷಯ ಕಣಕ್ಕ. ಎಲ್ರೂ ಹಿಡಿಯೋದೇ ಕೇಳ್ತಾರೆ” ಎಂದು ಮತ್ತೆ ಮೇಲೆ ಬಂದರು. ಮೇಜಿನ ಮೇಲಿದ್ದ ಚೆಂಡುಗಳನ್ನು ನೋಡಿ ತಲೆ ಚಚ್ಚಿಕೊಂಡರು. ಬಿಗಿದ ಮುಷ್ಟಿಗೆ ಹಿಚುಕಲು ಕೊಟ್ಟರೆ ಮುಷ್ಟಿ ಇನ್ನೂ ಬಿಗಿಯುತ್ತದೆ, ಮೊದಲು ಇವನ್ನೆಲ್ಲ ಎತ್ತಿಡಿ ಎಂದರು. ಆಮೇಲೆ ನನಗೆ ಕಲಿಸಿದರು. ಬೆರಳನ್ನು ಎಳೆಯಬಾರದು. ಕೈಯನ್ನು ಬಿಸಿನೀರಿನಲ್ಲಿ ಇಡಬೇಕು, ಮಣಿಕಟ್ಟನ್ನು ಮೆಲ್ಲಗೆ ಒಳಗಡೆ ಬಗ್ಗಿಸಬೇಕು, ಆಗ ಬೆರಳುಗಳು ತಾವಾಗಿ ಸಡಿಲವಾಗುತ್ತವೆ. ಹೆಬ್ಬೆಟ್ಟನ್ನು ಅದರ ಬುಡದಲ್ಲಿ ಹಿಡಿದು ಹೊರಗೆ ತರಬೇಕು. ಬಿಚ್ಚಿದ ಅಂಗೈಯನ್ನು ದಿಂಬಿನ ಮೇಲೆ ಹರಡಿ ಅದರ ಮೇಲೆ ಅವರ ಭಾರ ಬಿಡಿಸಬೇಕು. ಮುಖ್ಯವಾಗಿ ಅವಸರ ಮಾಡಬಾರದು, ಮಾತಿನಲ್ಲೂ ಅವಸರ ಇರಬಾರದು. ಈಗಿನ ತರಬೇತಿಯಲ್ಲಿ ಇದನ್ನು ಚಿತ್ರ ತೋರಿಸಿ ಹೇಳಿಕೊಡುತ್ತಾರೆ. ನಾನು ಕಲಿತದ್ದು ಆ ಮನೆಯ ಊಟದ ಮೇಜಿನ ಮೇಲೆ.

ಇನ್ನು ಊಟದ ಉಪಾಯ. ಗಂಜಿ ಔಷಧ ತಾನೇ, ಔಷಧ ಎಷ್ಟು ಗಟ್ಟಿಯಿರಬೇಕು ಎಂದು ಯಾರೂ ಹೇಳಿಲ್ಲವಲ್ಲ. ಶಾರದಾ ಅವರಿಗೆ ಕಾರಣ ಹೇಳದೆ ಅಡಿಗೆಮನೆಗೆ ನುಗ್ಗಿದೆ. ಗಂಜಿಗೆ ಹೆಸರುಬೇಳೆ ಬೇಯಿಸಿ ಹಾಕಿದೆ, ತುಪ್ಪ ಬಿಟ್ಟೆ, ಮುಂದೆ ಶೇಂಗಾ ಪುಡಿ ಬೆರೆಸಿದೆ. ನಮ್ಮ ಮನೆಯ ರಾಗಿ ಹಿಟ್ಟು ತಂದು ಅಂಬಲಿ ಮಾಡಿದೆ. ಚಮಚ ನಿಂತುಕೊಳ್ಳುವಷ್ಟು ಗಟ್ಟಿಯಾದ ದಿನ ನೀಲಮ್ಮನವರು ಬಟ್ಟಲನ್ನು ನೋಡಿ ನನ್ನನ್ನು ನೋಡಿದರು.

“ನಿಮ್ಮ ಕಡೆ ಔಷಧ ಭಾಳ ಗಟ್ಟಿ ಬಿಡವ್ವಾ.”

“ಅಂಗೇ ಅಮ್ಮಾವ್ರೇ. ನಮ್ ಕಡೆ ಕಾಯ್ಲೇನೂ ಗಟ್ಟಿ.”

ಕುಡಿದರು. ಬೆನ್ನಿನ ಕೆಂಪು ಅಲ್ಲಿಗೇ ನಿಂತಿತು, ಆದರೆ ಮೈ ತುಂಬಿಕೊಳ್ಳಲಿಲ್ಲ. ಅಂಬಲಿಯ ಮೇಲೆ ಎಷ್ಟು ದಿನ ತಳ್ಳುವುದು.

ಇದರ ನಡುವೆ ಫಿಲೋಮಿನಾ ಸಿಸ್ಟರ್ ಫೋನ್ ಮಾಡಿದರು. ರೋಗಿ ಇಳಿದುಹೋಗುತ್ತಿದ್ದಾರೆ ಎಂದು ಡಾಕ್ಟರ ಕಡೆಯಿಂದ ಅವರಿಗೆ ಸುದ್ದಿ ಹೋಗಿತ್ತು. “ಎಂತ ಸರೋಜಾ, ನಿನ್ನ ಕೈಯಲ್ಲಿ ಆಗುದಿಲ್ವಾ? ಬೇರೆಯವರನ್ನು ಕಳಿಸ್ತೇನೆ. ನೀನು ಹೆಬ್ಬಗೋಡಿಗೆ ಹೋಗು, ಅಲ್ಲಿ ಒಂದು ಕೇಸ್ ಉಂಟು” ಎಂದರು. ವಿಷಯ ಹೇಳಿದೆ. “ದೇವರ ವಿಷಯಕ್ಕೆ ಹೋಗ್ಬೇಡ ಅಂತ ಹೇಳಿದ್ದೆ” ಎಂದರು.

“ದೇವ್ರ ವಿಷ್ಯ ಅಲ್ಲ ಸಿಸ್ಟರ್. ಕೈ ವಿಷ್ಯ.”

“ಜಾಣೆ” ಎಂದರು. “ಡಾಕ್ಟರ್ ಬರುವವರೆಗೆ ಇರು. ಮತ್ತೆ ನಾನು ಹೇಳಿದ ಹಾಗೆ ಕೇಳ್ಬೇಕು.” ಅಷ್ಟು ಸಾಕಾಗಿತ್ತು ನನಗೆ.

ಕೈ ಬಿಚ್ಚುವುದೆಂದರೆ ಒಂದು ಬೆಳಿಗ್ಗೆ ಪವಾಡ ನಡೆದಂತೆ ಅಲ್ಲ. ಒಂದು ದಿನ ಸಡಿಲವಾದದ್ದು ಮಾರನೇ ದಿನ ಮತ್ತೆ ಬಿಗಿಯುತ್ತಿತ್ತು. ಮಗಳ ಜೊತೆ ಮಾತು ಬಿರುಸಾದ ದಿನವಂತೂ ಕಲ್ಲು. ಶಾರದಾ ಅವರಿಗೆ ತಾಳ್ಮೆ ಮುಗಿಯುತ್ತಾ ಬಂದಿತ್ತು. “ನಾನು ಮಾಡಿದ ರೊಟ್ಟಿ ಬೇಡ, ಸರೋಜಮ್ಮ ಕಾಸಿದ ಅಂಬಲಿ ಬೇಕು. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಇವರಿಗೆ” ಎಂದು ಒಂದು ದಿನ ಅಡಿಗೆಮನೆಯಲ್ಲಿ ನನ್ನ ಮುಂದೆ ಅತ್ತರು. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಬೇಡ ಎಂದು ಅವರು ಕೇಳಿಕೊಂಡಿದ್ದರಲ್ಲ, ತಡೆದುಕೊಂಡೆ. “ಸಿಟ್ಟಲ್ಲ ಮೇಡಂ. ನಿಮ್ ಮೇಲೆ ಸಿಟ್ಟಿಲ್ಲ ಅವ್ರಿಗೆ” ಎಂದಷ್ಟೇ ಹೇಳಿದೆ. ಅವರು ನಂಬಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡು ಇಬ್ಬರೂ ನೋಯುತ್ತಿದ್ದರು, ನಡುವೆ ನಿಂತ ನನಗೆ ಎರಡೂ ಕಡೆಯ ಸಂಕಟ.

ಡಾಕ್ಟರು ಬರುವ ದಿನ ಬಂತು. ಸೋಮವಾರ. ಅವರು ಸಂಜೆ ಬರುತ್ತಾರೆ, ಆಸ್ಪತ್ರೆಗೆ ಬೇಕಾದ ಬಟ್ಟೆಬರೆಯನ್ನು ಶಾರದಾ ಹಿಂದಿನ ದಿನವೇ ಬ್ಯಾಗಿಗೆ ತುಂಬಿಟ್ಟಿದ್ದರು. ಆ ಬ್ಯಾಗು ಮಂಚದ ಎದುರಿಗೇ ಇತ್ತು. ನಾನು ಬೆಳಿಗ್ಗೆ ಬೇಗ ಸ್ನಾನ ಮಾಡಿಸಿದೆ. ಬಿಸಿನೀರಿನಲ್ಲಿ ಕೈ ಇಡಿಸಿ, ಮಣಿಕಟ್ಟು ಬಗ್ಗಿಸಿ, ಹೆಬ್ಬೆಟ್ಟು ಹೊರಗೆ ತಂದು, ಬಾಲ್ಕನಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿ, ಮೊಣಕೈ ಕೆಳಗೆ ಸುತ್ತಿದ ಟವಲು ಇಟ್ಟೆ. ಅಂಗೈ ಮೇಲಾಗಿ ಬಿಚ್ಚಿಕೊಂಡು ಕೂತಿತು. ಉಗುರಿನ ಗಾಯಗಳು ಮಾಗಿ ಸಣ್ಣ ಕಲೆಗಳಾಗಿದ್ದವು. ನೀಲಮ್ಮನವರು ತಮ್ಮದೇ ಅಂಗೈಯನ್ನು ಯಾರದೋ ಎಂಬಂತೆ ನೋಡುತ್ತಿದ್ದರು.

ಪಕ್ಕದ ಸ್ಟೂಲಿನ ಮೇಲೆ ನೀರಿನ ಗಿಂಡಿ, ವಿಭೂತಿ, ಅಪಾರ್ಟ್‌ಮೆಂಟಿನ ಮಾಲಿಯಿಂದ ನಾನು ತರಿಸಿದ್ದ ಬಿಲ್ವಪತ್ರೆ. ಅವರು ಬಲಗೈಯಿಂದ ಕರಡಿಗೆ ಬಿಚ್ಚಿ ಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟರು. ಕೈ ನಡುಗಿತು. ಬೆರಳುಗಳು ಒಳಕ್ಕೆ ಎಳೆಯತೊಡಗಿದವು, ಅಂಗೈ ಒಂದು ಬದಿಗೆ ವಾಲಿತು. ಲಿಂಗ ಜಾರುತ್ತದೆ ಎಂದು ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು. ಆ ಕೈಯ ಒಂದೊಂದು ಗೆಣ್ಣೂ ನನಗೆ ಗೊತ್ತು. ಎಲ್ಲಿ ಒತ್ತಿದರೆ ನಿಲ್ಲುತ್ತದೆ ಎಂದೂ ಗೊತ್ತು. ಅವರು ಬಲಗೈಯನ್ನು ಲಿಂಗದ ಮೇಲೆ ಮುಚ್ಚಿ ಹಿಡಿದು, ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದರು. ಬೇಡ ಎಂದು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

“ಶಾರದಾ” ಎಂದು ಕರೆದರು.

ಶಾರದಾ ಕಂಪನಿಯ ಕೋಟು ಹಾಕಿಕೊಂಡು, ಡಬ್ಬಿಯ ಚೀಲ ಹಿಡಿದು ಬಂದರು. ಬಾಗಿಲಲ್ಲೇ ನಿಂತರು. ತಾಯಿಯ ಅಂಗೈ, ಅದರ ಮೇಲಿನ ಲಿಂಗ, ಪತ್ರೆ, ನೀರು ಎಲ್ಲ ನೋಡಿದರು. ಇಷ್ಟು ದಿನದ ತಟ್ಟೆಗಳು ಯಾಕೆ ವಾಪಸ್ಸು ಬಂದವು ಎಂದು ಯಾರೂ ಹೇಳಬೇಕಾಗಲಿಲ್ಲ. ಅವರ ಮುಖದಲ್ಲೇ ಅದು ಗೊತ್ತಾಯಿತು.

“ಕೈ ನಿಲ್ಲವಲ್ದು” ಎಂದರು ನೀಲಮ್ಮ. “ಕೆಳಗ ನಿನ್ನ ಕೈ ಹಿಡಿ.”

ಶಾರದಾ ಅಲ್ಲಿಂದ ಅಲುಗಲಿಲ್ಲ. “ನಾ ಹ್ಯಾಂಗ ಹಿಡೀಲಿ ಅವ್ವಾ. ನನ್ನ ಕೊರಳಾಗ ಇಲ್ಲಲ್ಲ.”

“ಕೊರಳಾಗ ಏನೈತಿ ಅಂತ ನಾ ಕೇಳಿಲ್ಲ. ಕೈ ಕೇಳೀನಿ.”

ಕೆಳಗೆ ವ್ಯಾನು ಹಾರನ್ ಮಾಡಿತು. ಶಾರದಾ ಚೀಲ ಕೆಳಗಿಟ್ಟು ಅಡಿಗೆಮನೆಗೆ ಹೋಗಿ ಕೈ ತೊಳೆದುಕೊಂಡು ಬಂದರು. ತಾಯಿಯ ಮುಂದೆ ಮೊಣಕಾಲೂರಿ ತಮ್ಮ ಎರಡೂ ಅಂಗೈಗಳನ್ನು ಆ ಎಡಗೈಯ ಕೆಳಗೆ ಹಿಡಿದರು. ನಡುಕ ನಿಂತಿತು. ನೀಲಮ್ಮನವರು ಬಲಗೈಯಿಂದ ನೀರು ಹಾಕಿದರು, ವಿಭೂತಿ ಇಟ್ಟರು, ಪತ್ರೆ ಏರಿಸಿದರು. ನೀರು ತಾಯಿಯ ಬೆರಳ ಸಂದಿನಿಂದ ಇಳಿದು ಮಗಳ ಕೋಟಿನ ತೋಳೊಳಗೆ ಹೋಗುತ್ತಿತ್ತು. ವ್ಯಾನು ಇನ್ನೊಮ್ಮೆ ಹಾರನ್ ಮಾಡಿ ಹೊರಟುಹೋಯಿತು. ಶಾರದಾ ಕೈ ಅಲುಗಿಸಲಿಲ್ಲ. ನಾನು ಬಾಲ್ಕನಿಗೆ ಹೋಗಿ ರಸ್ತೆಯ ಕಡೆ ತಿರುಗಿ ನಿಂತೆ. ನನ್ನ ಕಣ್ಣೂ ತುಂಬಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಪೂಜೆ ಮುಗಿದ ಮೇಲೆ ನೀಲಮ್ಮನವರ ದನಿ ಕೇಳಿಸಿತು. “ತಂಗಿ, ಅಂಬಲಿ ತರಬ್ಯಾಡ. ಔಷಧ ಸಾಕು. ಶಾರದಾ, ಡಬ್ಬಿ ಬಿಚ್ಚು, ರೊಟ್ಟಿ ಬಡಿಸು.”

ಕಂಪನಿಗೆಂದು ಕಟ್ಟಿದ್ದ ಡಬ್ಬಿಯನ್ನು ತಾಯಿ ಮಗಳು ಅಲ್ಲೇ ಕೂತು ತಿಂದರು. ಸಂಜೆ ಡಾಕ್ಟರು ಬಂದಾಗ ನೀಲಮ್ಮನವರು ಅವರ ಎದುರಿಗೇ ಎಣ್ಣೆಗಾಯಿ ಹಾಕಿಸಿಕೊಂಡು ಉಂಡರು, ಬೇಕೆಂದೇ. ಅವರು ಬಹಳ ಸಂತೋಷಪಟ್ಟು, ತಾವು ಬರೆದುಕೊಟ್ಟ ಮಾತ್ರೆಯನ್ನು ಮುಂದುವರಿಸಲು ಹೇಳಿದರು. ಟ್ಯೂಬಿನ ಮಾತು ಮತ್ತೆ ಬರಲಿಲ್ಲ, ಬ್ಯಾಗಿನ ಬಟ್ಟೆ ಬೀರುವಿಗೆ ವಾಪಸ್ಸು ಹೋಯಿತು.

ಮಾರನೇ ದಿನದಿಂದ ಕೈ ಬಿಚ್ಚುವ ಕೆಲಸ ಶಾರದಾ ಅವರದಾಯಿತು. ವ್ಯಾನು ಬಿಟ್ಟು ಸ್ವಲ್ಪ ತಡವಾಗಿ ಬಸ್ಸಿನಲ್ಲಿ ಹೋಗಲು ಕಂಪನಿಯಲ್ಲಿ ಒಪ್ಪಿಸಿಕೊಂಡು ಬಂದರು. ಪ್ರಕಾಶ್ ಸಾರ್ ಕಲಿಸಿದ್ದನ್ನು ನಾನು ಅವರಿಗೆ ಕಲಿಸಿದೆ. ಮೊದಮೊದಲು ಅವರು ತಪ್ಪು ಕಡೆ ಒತ್ತುತ್ತಿದ್ದರು, ಮುದುಕಿ ನೋವಿಗೆ ಹಲ್ಲು ಕಚ್ಚುತ್ತಿದ್ದರೇ ಹೊರತು ನನ್ನನ್ನು ಕರೆಯುತ್ತಿರಲಿಲ್ಲ. ನಾನು ಬಾಗಿಲ ಹೊರಗೆ ಚಡಪಡಿಸುತ್ತಾ ನಿಲ್ಲುತ್ತಿದ್ದೆ. ಸ್ವಲ್ಪ ಕಾಲಕ್ಕೆ ಆ ಮನೆಗೆ ದಿನವಿಡೀ ಇರುವ ಹೆಂಗಸು ಬೇಕಾಗಲಿಲ್ಲ. ಸಿಸ್ಟರ್ ನನ್ನನ್ನು ಹೆಬ್ಬಗೋಡಿಗೆ ಕಳಿಸಿದರು. ಹೊರಡುವ ದಿನ ನೀಲಮ್ಮನವರು ಒಂದು ಚೀಲ ಕೊಟ್ಟರು. ಬಿಚ್ಚಿ ನೋಡಿದರೆ ಎಲ್ಲ ಚೆಂಡುಗಳೂ ಅದರಲ್ಲಿದ್ದವು. “ನಿನ್ನ ಮಕ್ಕಳಿಗೆ ಕೊಡು, ಹಿಚಕ್ಲಿ” ಎಂದರು.

ಹುಡುಗಿಯರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಎತ್ತುವುದು, ತಿರುಗಿಸುವುದು, ತೊಳೆಯುವುದು ಎಲ್ಲ ಕಲಿಯಬಹುದು. ಆ ಸೋಮವಾರ ಬೆಳಿಗ್ಗೆ, ನಾನೇ ದಿನವೂ ಬಿಚ್ಚಿದ ಕೈ ನಡುಗುತ್ತಿದ್ದಾಗ, ಮುಂದೆ ಚಾಚಿದ್ದ ನನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆನಲ್ಲ, ಅದು ಕಷ್ಟದ್ದು.